ಇಂಜಿನ್ ಇಳಿಸೋ ಮೊದಲು ಈ ವಾಲ್ವ್ ನೋಡಿ

ದಸರಾ ರಜೆಗೆ ಹಾಸನಕ್ಕೆ ಹೋದಾಗ ಮನೆಯಲ್ಲಿ ಕಾರು ಮಾರೋ ಮಾತು ನಡೀತಿತ್ತು. "ಎಣ್ಣೆ ಜಾಸ್ತಿ ಕುಡೀತಿದೆ ಕಣೋ" ಅಂದ್ರು ಅಪ್ಪ. ಯಾರು ಅಂತ ಕೇಳೋಕೆ ಬಾಯಿ ತೆಗೆದಿದ್ದೆ, ಅಷ್ಟರಲ್ಲಿ ಅವರು ಕಾರಿನ ಬಾನೆಟ್ ಕಡೆ ಕೈ ತೋರಿಸಿದ್ರು.

ನಮ್ಮದು 2009ರ ಪೆಟ್ರೋಲ್ ಕಾರು. ಸಾವಿರ ಸಿಸಿ ಆಸುಪಾಸಿನ ಮೂರು ಸಿಲಿಂಡರ್ ಇಂಜಿನ್. ಅಪ್ಪ ಹೈಸ್ಕೂಲ್ ಮೇಷ್ಟ್ರು. ಮನೆಯಿಂದ ಶಾಲೆಗೆ ನಾಲ್ಕು ಕಿಲೋಮೀಟರ್, ಶಾಲೆಯಿಂದ ಮನೆಗೆ ನಾಲ್ಕು ಕಿಲೋಮೀಟರ್, ಕಾರಿನ ಜೀವನವೇ ಅಷ್ಟು. ಆದರೂ ತಿಂಗಳಿಗೆ ಅರ್ಧ ಲೀಟರ್ ಇಂಜಿನ್ ಆಯಿಲ್ ಹಾಕಬೇಕಾಗಿತ್ತು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ನೀಲಿ ಹೊಗೆ, ಕಾರು ನಿಲ್ಲಿಸಿದ ಜಾಗದಲ್ಲಿ ಎಣ್ಣೆ ಕಲೆ. ಊರಿನ ಒಂದು ಗ್ಯಾರೇಜಿನಲ್ಲಿ ತೋರಿಸಿದಾಗ ಆಯಿಲ್ ಹಾಕೋ ಮುಚ್ಚಳ ತೆಗೆದು, ಒಂದ್ಸಲ ರೇಸ್ ಮಾಡಿ, "ರಿಂಗ್ ಹೋಗಿದೆ ಸಾರ್. ಬ್ಯಾಕ್ ಕಂಪ್ರೆಷನ್ ಹೊಡೀತಿದೆ. ಇಂಜಿನ್ ಇಳಿಸಬೇಕು, 38 ಸಾವಿರ ಆಗುತ್ತೆ" ಅಂದಿದ್ರಂತೆ. ಕಾರನ್ನು ಹಾಗೇ ಕೊಂಡುಕೊಳ್ಳೋಕೆ ಬಂದವರು ಕೇಳಿದ್ದು 45 ಸಾವಿರಕ್ಕೆ. ನನ್ನ ಕಾಲೇಜ್ ಫೀಸ್ ಕಟ್ಟೋ ತಿಂಗಳೂ ಅದೇ. ಹಾಗಾಗಿ ಮಾರೋ ಮಾತು.

ಆ ಇಂಜಿನ್ ಇಳಿಸಲಿಲ್ಲ. ಕಾರನ್ನು ಮಾರಲೂ ಇಲ್ಲ. ಕೆಟ್ಟಿದ್ದು ಹೆಬ್ಬೆರಳಿನಷ್ಟು ಉದ್ದದ ಒಂದು ಪ್ಲಾಸ್ಟಿಕ್ ವಾಲ್ವ್. ಹೆಸರು ಪಿಸಿವಿ ವಾಲ್ವ್, ಅಂದರೆ ಪಾಸಿಟಿವ್ ಕ್ರ್ಯಾಂಕ್‌ಕೇಸ್ ವೆಂಟಿಲೇಶನ್ ವಾಲ್ವ್. ನಮ್ಮಲ್ಲಿ ತುಂಬಾ ಜನರ ಮನೆಯಲ್ಲಿ ಹಳೇ ಪೆಟ್ರೋಲ್ ಕಾರು ಇರುತ್ತೆ, ಅದಕ್ಕೇ ಇದನ್ನ ಬರೀತಿದ್ದೀನಿ. (ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಎಲ್ಲಾದರೂ ಕನ್ನಡ ಎಡವಿದರೆ ಸಂಪಾದಕರು ತಿದ್ದಿರ್ತಾರೆ ಅಂತ ನಂಬಿದ್ದೀನಿ.)

ಮೊದಲು ಒಂದು ಪ್ರಶ್ನೆ. ಪಿಸ್ಟನ್ ರಿಂಗ್ ಸಿಲಿಂಡರನ್ನ ಪೂರ್ತಿ ಸೀಲ್ ಮಾಡುತ್ತಾ? ಕ್ಲಾಸಿನಲ್ಲಿ ಆಟೋ ಸೈಕಲ್ ಬರೆಯುವಾಗ ನಾವು ಹಾಗಂತ ಅಂದುಕೊಂಡೇ ಪಿ-ವಿ ಡಯಾಗ್ರಾಮ್ ಎಳೀತೀವಿ. ಆದರೆ ರಿಂಗ್ ಅನ್ನೋದು ಪೂರ್ತಿ ಬಳೆ ಅಲ್ಲ, ಒಂದು ಕಡೆ ಸೀಳಿರೋ ಬಳೆ. ಬಿಸಿಗೆ ಹಿಗ್ಗೋಕೆ ಜಾಗ ಬೇಕಲ್ಲ, ಅದಕ್ಕೆ ಆ ಸೀಳು. ಸಣ್ಣ ಇಂಜಿನ್‌ಗಳಲ್ಲಿ ಹೊಸ ರಿಂಗಿನ ಆ ಸಂದು ಮಿಲಿಮೀಟರಿನ ಕಾಲು ಭಾಗದ ಆಸುಪಾಸು ಇರುತ್ತೆ. ಮೇಲೆ ಉರಿಯೋ ಗ್ಯಾಸಿನ ಒತ್ತಡ ಹತ್ತಾರು ಬಾರ್. 3000 ಆರ್‌ಪಿಎಂನಲ್ಲಿ ನಮ್ಮ ಮೂರು ಸಿಲಿಂಡರ್ ಇಂಜಿನ್ ಒಂದು ನಿಮಿಷಕ್ಕೆ 4500 ಸಲ ಫೈರ್ ಆಗುತ್ತೆ. ಪ್ರತಿ ಸಲವೂ ಒಂಚೂರು ಗ್ಯಾಸ್ ಆ ಸಂದಿಯಲ್ಲಿ ನುಸುಳಿ ಕೆಳಗಿನ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತೆ. ಇದಕ್ಕೆ ಬ್ಲೋ-ಬೈ ಅಂತಾರೆ. ಗ್ಯಾರೇಜಿನವರು ಹೇಳೋ ಬ್ಯಾಕ್ ಕಂಪ್ರೆಷನ್ ಇದೇ. ಶೋರೂಮಿನಿಂದ ಈಗಷ್ಟೇ ಹೊರಗೆ ಬಂದ ಕಾರಿನಲ್ಲೂ ಬ್ಲೋ-ಬೈ ಇರುತ್ತೆ, ಕಡಿಮೆ ಅಷ್ಟೇ.

ಹೀಗೆ ಇಳಿದಿದ್ದು ಎಲ್ಲಿಗೆ ಹೋಗಬೇಕು? ದಾರಿ ಇಲ್ಲದಿದ್ದರೆ ಕ್ರ್ಯಾಂಕ್‌ಕೇಸಿನೊಳಗೆ ಒತ್ತಡ ಏರುತ್ತೆ. ಪಿಸ್ಟನ್ ಮಾಡೋ ಒತ್ತಡವನ್ನು ತಡೆಯೋಕೆ ಕಬ್ಬಿಣದ ರಿಂಗ್ ಇದೆ, ಆದರೆ ಕ್ರ್ಯಾಂಕ್‌ಕೇಸಿನ ಆಯಿಲ್ ಸೀಲ್‌ಗಳು ಎಣ್ಣೆ ಜಿನುಗದ ಹಾಗೆ ನೋಡಿಕೊಳ್ಳೋಕೆ ಇರೋ ರಬ್ಬರ್ ತುಟಿಗಳು. ಒಳಗಿನಿಂದ ದೂಡಿದರೆ ಅವು ಬಿಟ್ಟುಕೊಡ್ತವೆ. ಟ್ಯಾಪೆಟ್ ಕವರ್ ಗ್ಯಾಸ್ಕೆಟ್ ಒದ್ದೆಯಾಗುತ್ತೆ, ಕ್ರ್ಯಾಂಕ್ ಸೀಲ್ ಸೋರುತ್ತೆ, ಕೆಲವು ಸಲ ಡಿಪ್‌ಸ್ಟಿಕ್ ತಾನಾಗೇ ಮೇಲೆದ್ದು ಕೂತಿರುತ್ತೆ.

ಒತ್ತಡ ಒಂದೇ ಸಮಸ್ಯೆ ಅಲ್ಲ. ಆ ಗ್ಯಾಸಿನಲ್ಲಿ ಅರ್ಧ ಉರಿದ ಪೆಟ್ರೋಲ್ ಇದೆ, ನೀರಿನ ಆವಿ ಇದೆ. ನೀರು ಎಷ್ಟು ಅಂತ ನೀವೇ ಲೆಕ್ಕ ಹಾಕಿ, ಫಸ್ಟ್ ಇಯರ್ ಕೆಮಿಸ್ಟ್ರಿ ಸಾಕು. ಪೆಟ್ರೋಲನ್ನ ಆಕ್ಟೇನ್ ಅಂತ ಇಟ್ಟುಕೊಳ್ಳಿ. 114 ಗ್ರಾಂ ಆಕ್ಟೇನ್ ಉರಿದರೆ 162 ಗ್ರಾಂ ನೀರು. ಒಂದು ಲೀಟರ್ ಪೆಟ್ರೋಲ್ ಸುಮಾರು 740 ಗ್ರಾಂ ತೂಗುತ್ತೆ, ಅಂದರೆ ಸುಮಾರು 1050 ಗ್ರಾಂ ನೀರು. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚೇ ನೀರು! ಇದನ್ನ ಮೊದಲ ಸಲ ಲೆಕ್ಕ ಹಾಕಿದಾಗ ನಾನೇ ಎರಡು ಸಲ ಕ್ಯಾಲ್ಕುಲೇಟರ್ ಒತ್ತಿದೆ. ಬಹುಪಾಲು ಸೈಲೆನ್ಸರಿನಿಂದ ಹೊರಗೆ ಹೋಗುತ್ತೆ, ಸ್ವಲ್ಪ ಕೆಳಗಿಳಿಯುತ್ತೆ. ಇಂಜಿನ್ ಚೆನ್ನಾಗಿ ಬಿಸಿಯಾದರೆ ಆ ನೀರು ಆವಿಯಾಗಿಯೇ ಉಳಿದು ವೆಂಟಿಲೇಶನ್ ಜೊತೆ ಹೋಗಿಬಿಡುತ್ತೆ. ಆದರೆ ಅಪ್ಪನ ಹಾಗೆ ಹಾಸನದ ಬೆಳಗಿನ ಚಳಿಯಲ್ಲಿ ನಾಲ್ಕು ಕಿಲೋಮೀಟರ್ ಓಡಿಸಿ ಆಫ್ ಮಾಡಿದರೆ ಆಯಿಲ್ ಬಿಸಿಯಾಗೋದೇ ಇಲ್ಲ. ಆವಿ ತಣ್ಣಗಾಗಿ ನೀರಾಗಿ ಎಣ್ಣೆ ಜೊತೆ ಕಲೆಯುತ್ತೆ. ಆಯಿಲ್ ಮುಚ್ಚಳದ ಒಳಗೆ ಹಳದಿ-ಬಿಳಿ ಬೆಣ್ಣೆ ತರ ಕೂತಿರುತ್ತಲ್ಲ, ಅದು ಇದೇ. (ಅದೇ ಬಣ್ಣ ಹೆಡ್ ಗ್ಯಾಸ್ಕೆಟ್ ಹೋದಾಗಲೂ ಬರುತ್ತೆ. ಕೂಲೆಂಟ್ ಕಡಿಮೆ ಆಗ್ತಿದೆಯಾ ಅಂತಲೂ ನೋಡಿಕೊಳ್ಳಿ.) ಅದೇ ಬೆಣ್ಣೆ ದಿನಗಳೆದಂತೆ ಕಪ್ಪು ಅಂಟಾಗಿ ಮೊದಲು ಕಟ್ಟೋದು ಪಿಸಿವಿ ವಾಲ್ವ್‌ನ ಸಣ್ಣ ತೂತನ್ನು. ಕಡಿಮೆ ಓಡಿದ ಕಾರು ಅಂತ ನಾವು ಹೆಮ್ಮೆ ಪಡ್ತೀವಿ, ವಾಲ್ವ್‌ಗೆ ಅದೇ ಕಷ್ಟ.

ಹಿಂದಿನ ಕಾಲದಲ್ಲಿ ಇದಕ್ಕೆ ಬಹಳ ಸುಲಭದ ಪರಿಹಾರ ಇತ್ತು. ಕ್ರ್ಯಾಂಕ್‌ಕೇಸಿನಿಂದ ಒಂದು ಪೈಪು ಕೆಳಗೆ ರಸ್ತೆ ಕಡೆ ಬಿಡೋದು. ಗಾಡಿ ಓಡುವಾಗ ಪೈಪಿನ ತುದಿಯಲ್ಲಿ ಗಾಳಿ ಬೀಸಿ ಒಳಗಿನದನ್ನ ಎಳೆದು ಹಾಕುತ್ತೆ. ಗಾಡಿ ನಿಂತಿದ್ದರೆ ಎಳೆತ ಇಲ್ಲ, ಅದು ಬೇರೆ ಮಾತು. ಎರಡನೇ ಮಹಾಯುದ್ಧದಲ್ಲಿ ಆಳದ ನೀರು ದಾಟಬೇಕಿದ್ದ ಮಿಲಿಟರಿ ಗಾಡಿಗಳಿಗೆ ಈ ತೆರೆದ ಪೈಪು ತೊಂದರೆ ಆಯ್ತು, ಅದರಲ್ಲಿ ನೀರು ಹೊಕ್ಕುಬಿಡುತ್ತೆ. ಹಾಗಾಗಿ ಪೈಪನ್ನು ಇಂಜಿನ್ನಿನ ಗಾಳಿ ಎಳೆಯೋ ಕಡೆಗೇ ತಿರುಗಿಸಿದರು. ಮಾಮೂಲಿ ಕಾರುಗಳಿಗೆ ಇದು ಬಂದಿದ್ದು ಲಾಸ್ ಏಂಜಲೀಸ್ ನಗರದ ಹೊಗೆಮಂಜಿನ ದೆಸೆಯಿಂದ. ಅಲ್ಲಿ ಕ್ಯಾಲ್‌ಟೆಕ್‌ನಲ್ಲಿ ಅನಾನಸ್ ಹಣ್ಣಿನ ಘಮದ ಕೆಮಿಸ್ಟ್ರಿ ನೋಡ್ತಿದ್ದ ಏರಿ ಹಾಗನ್-ಸ್ಮಿಟ್ ಅನ್ನೋ ವಿಜ್ಞಾನಿ, 1950ರ ದಶಕದ ಶುರುವಿನಲ್ಲಿ, ಪೆಟ್ರೋಲ್ ಆವಿ ಮತ್ತು ನೈಟ್ರೋಜನ್ ಆಕ್ಸೈಡುಗಳು ಬಿಸಿಲಲ್ಲಿ ಸೇರಿ ಓಝೋನ್ ಆಗ್ತವೆ, ಕಣ್ಣು ಉರಿಸೋ ಮಂಜು ಹೀಗೆ ಹುಟ್ಟುತ್ತೆ ಅಂತ ತೋರಿಸಿದರು. ಆಮೇಲೆ ಹುಡುಕಿದಾಗ ಕಾರಿನ ಸೈಲೆನ್ಸರ್ ಅಷ್ಟೇ ಅಲ್ಲ, ಆ ರಸ್ತೆ ಪೈಪಿನಿಂದಲೂ ಸಾಕಷ್ಟು ಹೈಡ್ರೋಕಾರ್ಬನ್ ಹೊರಗೆ ಬೀಳ್ತಿದೆ ಅಂತ ಗೊತ್ತಾಯ್ತು. 1961ರ ಮಾಡೆಲ್ ಕಾರುಗಳಿಗೆ ಕ್ಯಾಲಿಫೋರ್ನಿಯಾದಲ್ಲಿ, 1963ರ ಮಾಡೆಲ್‌ಗಳಿಗೆ ಇಡೀ ಅಮೆರಿಕಾದಲ್ಲಿ ಪಿಸಿವಿ ಬಂತು. ಕ್ಯಾಟಲಿಟಿಕ್ ಕನ್ವರ್ಟರ್‌ಗಿಂತ ಹತ್ತು ವರ್ಷಕ್ಕೂ ಮೊದಲು ಬಂದ ಮಾಲಿನ್ಯ ನಿಯಂತ್ರಣ ಇದು, ಆದರೆ ಹೆಸರು ಮಾಡಿದ್ದು ಅದು.

ಇನ್ನು ವಾಲ್ವ್ ಹೇಗೆ ಕೆಲಸ ಮಾಡುತ್ತೆ ಅಂತ. ನನಗೆ ಇದರಲ್ಲಿ ತುಂಬಾ ಇಷ್ಟವಾದ ಭಾಗ ಇದು, ಸ್ವಲ್ಪ ನಿಧಾನವಾಗಿ ಓದಿ.

ಕ್ರ್ಯಾಂಕ್‌ಕೇಸಿನ ಗ್ಯಾಸನ್ನ ಎಳೆಯೋಕೆ ಬೇರೆ ಪಂಪು ಇಲ್ಲ. ಪೆಟ್ರೋಲ್ ಇಂಜಿನ್ನಿನಲ್ಲಿ ಥ್ರಾಟಲ್ ಮುಚ್ಚಿದ್ದಾಗ ಅದರ ಹಿಂದಿನ ಇಂಟೇಕ್ ಮ್ಯಾನಿಫೋಲ್ಡಿನಲ್ಲಿ ವ್ಯಾಕ್ಯೂಮ್ ಇರುತ್ತೆ, ಅದನ್ನೇ ಬಳಸ್ತಾರೆ. ಒಂದು ಪೈಪು ಏರ್ ಫಿಲ್ಟರ್ ಕಡೆಯಿಂದ ಟ್ಯಾಪೆಟ್ ಕವರಿಗೆ ಶುದ್ಧ ಗಾಳಿ ತರುತ್ತೆ. ಇನ್ನೊಂದು ಪೈಪು ಒಳಗಿನ ಗ್ಯಾಸನ್ನ ವಾಲ್ವ್ ಮೂಲಕ ಮ್ಯಾನಿಫೋಲ್ಡಿಗೆ ಒಯ್ಯುತ್ತೆ, ಅಲ್ಲಿಂದ ಸಿಲಿಂಡರಿಗೆ ಹೋಗಿ ಮತ್ತೆ ಉರಿಯುತ್ತೆ. ಅಡುಗೆಮನೆಗೆ ಒಂದು ಕಿಟಕಿ ಒಂದು ಎಕ್ಸಾಸ್ಟ್ ಫ್ಯಾನ್ ಇದ್ದ ಹಾಗೆ.

ಸಮಸ್ಯೆ ಏನಂದ್ರೆ, ವ್ಯಾಕ್ಯೂಮ್ ಮತ್ತು ಬ್ಲೋ-ಬೈ ಒಂದಕ್ಕೊಂದು ಉಲ್ಟಾ. ಐಡ್ಲಿಂಗಿನಲ್ಲಿ ಮ್ಯಾನಿಫೋಲ್ಡಿನ ಒತ್ತಡ 30-40 ಕಿಲೋಪಾಸ್ಕಲ್‌ಗೆ ಇಳಿದಿರುತ್ತೆ, ಅಂದರೆ ಎಳೆತ ಜೋರು. ಆದರೆ ಆಗ ಬ್ಲೋ-ಬೈ ತೀರಾ ಕಡಿಮೆ. ಘಾಟಿ ಹತ್ತುವಾಗ ಥ್ರಾಟಲ್ ಪೂರ್ತಿ ತೆರೆದಿರುತ್ತೆ, ಬ್ಲೋ-ಬೈ ಜೋರು. ಆದರೆ ಎಳೆಯೋ ಶಕ್ತಿಯೇ ಇಲ್ಲ. ಬರೀ ಒಂದು ತೂತು ಇಟ್ಟಿದ್ದರೆ ಐಡ್ಲಿಂಗಿನಲ್ಲಿ ಬೇಡದಷ್ಟು ಗಾಳಿ ನುಗ್ಗಿ ಇಂಜಿನ್ ನಡುಗೋದು, ಘಾಟಿಯಲ್ಲಿ ಸಾಕಾಗದೇ ಇರೋದು.

ವಾಲ್ವ್ ಒಳಗೆ ಒಂದು ಮೊನಚು ತುದಿಯ ಸಣ್ಣ ಕಡ್ಡಿ, ಅದಕ್ಕೊಂದು ಸ್ಪ್ರಿಂಗ್. ಅಷ್ಟೇ. ಇಂಜಿನ್ ಆಫ್ ಇದ್ದಾಗ ಸ್ಪ್ರಿಂಗ್ ಕಡ್ಡಿಯನ್ನ ಕ್ರ್ಯಾಂಕ್‌ಕೇಸ್ ಕಡೆಗೆ ಒತ್ತಿ ಬಾಗಿಲು ಮುಚ್ಚಿರುತ್ತೆ. ಐಡ್ಲಿಂಗಿನಲ್ಲಿ ಜೋರು ವ್ಯಾಕ್ಯೂಮ್ ಕಡ್ಡಿಯನ್ನ ಪೂರ್ತಿ ಮ್ಯಾನಿಫೋಲ್ಡ್ ಕಡೆ ಎಳೆದುಕೊಳ್ಳುತ್ತೆ, ಮೊನಚು ಭಾಗ ಆ ಕಡೆಯ ತೂತಿಗೆ ಸೇರಿ ಸಣ್ಣ ಸಂದು ಮಾತ್ರ ಉಳಿಯುತ್ತೆ. ಹೈವೇಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ವ್ಯಾಕ್ಯೂಮ್ ಇಳಿಯುತ್ತೆ, ಸ್ಪ್ರಿಂಗ್ ಕಡ್ಡಿಯನ್ನ ಸ್ವಲ್ಪ ಹಿಂದಕ್ಕೆ ತಳ್ಳುತ್ತೆ, ದಾರಿ ದೊಡ್ಡದಾಗುತ್ತೆ. ವ್ಯಾಕ್ಯೂಮ್ ಕಡಿಮೆ ಆದಷ್ಟೂ ಬಾಗಿಲು ದೊಡ್ಡದು. ಸೆನ್ಸರ್ ಇಲ್ಲ, ಇಸಿಯು ಇಲ್ಲ, ಒಂದು ಲೈನ್ ಕೋಡ್ ಇಲ್ಲ! ಥ್ರಾಟಲ್ ಪೂರ್ತಿ ತೆರೆದಾಗ ವಾಲ್ವ್‌ಗೂ ಮೀರಿ ಗ್ಯಾಸ್ ಬಂದರೆ, ಅದು ಶುದ್ಧ ಗಾಳಿ ಬರ್ತಿದ್ದ ಪೈಪಿನಲ್ಲೇ ಹಿಂದಕ್ಕೆ ಹೋಗಿ ಏರ್ ಫಿಲ್ಟರ್ ಕಡೆ ಸೇರುತ್ತೆ. ಮ್ಯಾನಿಫೋಲ್ಡಿನಲ್ಲಿ ಬ್ಯಾಕ್‌ಫೈರ್ ಆದರೆ ಆ ಒತ್ತಡ ಕಡ್ಡಿಯನ್ನ ತಳ್ಳಿ ಬಾಗಿಲು ಮುಚ್ಚಿಸುತ್ತೆ, ಬೆಂಕಿ ಕ್ರ್ಯಾಂಕ್‌ಕೇಸಿನ ಪೆಟ್ರೋಲ್ ಆವಿಗೆ ತಗಲೋದಿಲ್ಲ.

ಈಗ ನಮ್ಮ ಕಾರಿಗೆ ಬನ್ನಿ. ವಾಲ್ವ್ ಕೆಡೋದು ಎರಡು ತರ. ತೆರೆದೇ ಉಳಿದರೆ ಐಡ್ಲಿಂಗಿನಲ್ಲಿ ಲೆಕ್ಕಕ್ಕಿಲ್ಲದ ಗಾಳಿ ಒಳಗೆ ಹೋಗುತ್ತೆ. ಇಂಜಿನ್ ನಡುಗುತ್ತೆ ಅಥವಾ ಐಡ್ಲಿಂಗ್ ಏರುತ್ತೆ, ಕೆಲವೊಮ್ಮೆ ಸಿಳ್ಳೆ ಹೊಡೆದ ಶಬ್ದ, ಸ್ಕ್ಯಾನರ್ ಹಾಕಿದರೆ ಪಿ0171 ಅನ್ನೋ ಲೀನ್ ಕೋಡ್ ಬರಬಹುದು. ಗಾಳಿಯ ಜೊತೆ ಎಣ್ಣೆ ಹನಿಗಳನ್ನೂ ಎಳೆದುಕೊಂಡು ಹೊಗೆ ಬರುತ್ತೆ. ಕಟ್ಟಿಕೊಂಡರೆ ಬೇರೆ ಕತೆ. ಒಳಗೆ ಒತ್ತಡ ಏರಿ ಸೀಲ್‌ಗಳು ಸೋರ್ತವೆ, ಎಣ್ಣೆ ಮಿಶ್ರಿತ ಗ್ಯಾಸ್ ಪೂರ್ತಿ ಹಿಂದಿನ ಪೈಪಿನಲ್ಲಿ ಏರ್ ಫಿಲ್ಟರಿಗೆ ಹೋಗುತ್ತೆ, ಅಲ್ಲಿಂದ ಇಂಜಿನ್ ಅದನ್ನ ಎಳೆದುಕೊಂಡು ಸುಡುತ್ತೆ. ಎಣ್ಣೆ ಕಡಿಮೆ, ನೀಲಿ ಹೊಗೆ, ಮುಚ್ಚಳ ತೆಗೆದರೆ ಬುಸ್ಸೆನ್ನೋ ಗ್ಯಾಸ್. ರಿಂಗ್ ಹೋದಾಗಲೂ ಇದೇ ಮೂರು ಲಕ್ಷಣ. ಗ್ಯಾರೇಜಿನವರು ಮೋಸ ಮಾಡಿದರು ಅಂತ ನಾನು ಹೇಳಲ್ಲ; ಹದಿನೈದು ವರ್ಷ ದಾಟಿದ ಕಾರಿನಲ್ಲಿ ಆ ಲಕ್ಷಣ ನೋಡಿದರೆ ರಿಂಗ್ ಅಂತಲೇ ಮನಸ್ಸಿಗೆ ಬರೋದು. ಆದರೆ 38 ಸಾವಿರದ ಕೆಲಸ ಹೇಳೋ ಮೊದಲು ಹತ್ತು ನಿಮಿಷದ ಪರೀಕ್ಷೆ ಮಾಡಬಹುದಿತ್ತು.

ನನಗೆ ಅನುಮಾನ ಬಂದಿದ್ದು ಏರ್ ಫಿಲ್ಟರ್ ತೆಗೆದಾಗ. ಎರಡು ತಿಂಗಳ ಹಿಂದೆ ಹಾಕಿಸಿದ ಫಿಲ್ಟರ್, ಒಂದು ಮೂಲೆ ಪೂರ್ತಿ ಎಣ್ಣೆಯಲ್ಲಿ ನೆಂದು ಹಪ್ಪಳದ ಹಾಗಿತ್ತು. ಎಣ್ಣೆ ಇದ್ದ ಮೂಲೆಗೇ ಟ್ಯಾಪೆಟ್ ಕವರಿನ ಪೈಪು ಬಂದು ಸೇರುತ್ತೆ.

ಆಮೇಲೆ ಹಾಳೆ ಪರೀಕ್ಷೆ. ಇಂಜಿನ್ ಬಿಸಿಯಾದ ಮೇಲೆ ಐಡ್ಲಿಂಗಿನಲ್ಲಿ ಬಿಟ್ಟು, ಆಯಿಲ್ ಮುಚ್ಚಳ ತೆಗೆದು, ಆ ಬಾಯಿ ಮೇಲೆ ಒಂದು ತೆಳು ಹಾಳೆ ಇಡೋದು. ಏರ್ ಫಿಲ್ಟರ್ ಕಡೆಯಿಂದ ಬರೋ ಪೈಪನ್ನ ಬಿಚ್ಚಿ ಎರಡೂ ಕಡೆ ಬಾಯಿಗೆ ಅಡ್ಡ ಏನಾದರೂ ಹಿಡಿದರೆ ಪರೀಕ್ಷೆ ಇನ್ನೂ ಸರಿಯಾಗಿರುತ್ತೆ. ವೆಂಟಿಲೇಶನ್ ಸರಿ ಇದ್ದರೆ ಸ್ವಲ್ಪ ಹೊತ್ತಲ್ಲಿ ಹಾಳೆ ಬಾಯಿಗೆ ಮೆಲ್ಲಗೆ ಅಂಟಿಕೊಳ್ಳಬೇಕು. ಮೂರು ಸಿಲಿಂಡರ್ ಇಂಜಿನ್ನಿನಲ್ಲಿ ಹಾಳೆ ಸ್ವಲ್ಪ ಪಟಪಟ ಅನ್ನೋದು ಸಹಜ, ಒಟ್ಟಿನಲ್ಲಿ ಎಳೆತ ಒಳಗೇ ಇರಬೇಕು. ನಾನು ಇಟ್ಟಿದ್ದು ಇಂಟರ್ನಲ್ಸಿನ ಬ್ಲೂ ಬುಕ್ಕಿನ ಹಾಳೆ. ಅದು ಹಾರಿ ಹೋಗಿ ತುಳಸಿ ಕಟ್ಟೆ ಹತ್ತಿರ ಬಿತ್ತು. ಅಪ್ಪ ಅದನ್ನ ಎತ್ತಿಕೊಂಡು ಮೊದಲು ನೋಡಿದ್ದು ನನ್ನ ಮಾರ್ಕ್ಸು. (ಈ ಪರೀಕ್ಷೆ ಮಾಡುವಾಗ ಕೆಲವು ಇಂಜಿನ್‌ಗಳಲ್ಲಿ ಬಿಸಿ ಎಣ್ಣೆ ಸಿಡಿಯುತ್ತೆ, ಮುಖ ಹತ್ತಿರ ಇಡಬೇಡಿ. ದುಪಟ್ಟಾ, ಟ್ಯಾಗು, ಉದ್ದ ಕೂದಲು ಬೆಲ್ಟಿಗೆ ಸಿಗದ ಹಾಗೆ ನೋಡಿಕೊಳ್ಳಿ.)

ಹಾಳೆ ಹಾರಿದರೆ ಒಳಗೆ ಒತ್ತಡ ಇದೆ ಅಂತ ಮಾತ್ರ ಗೊತ್ತಾಯ್ತು. ತಪ್ಪು ರಿಂಗಿನದಾ ವಾಲ್ವ್‌ನದಾ? ಅದಕ್ಕೆ ವಾಲ್ವನ್ನೇ ಕೇಳಬೇಕು. ಇಂಜಿನ್ ಓಡ್ತಿರುವಾಗ ವಾಲ್ವನ್ನ ಟ್ಯಾಪೆಟ್ ಕವರಿನಿಂದ ಎಳೆದು, ಪೈಪು ಹಾಗೇ ಇರೋವಾಗ, ಅದರ ಬಾಯಿಗೆ ಹೆಬ್ಬೆರಳು ಒತ್ತಿ. ಬೆರಳನ್ನ ಗಟ್ಟಿಯಾಗಿ ಎಳೆದುಕೊಳ್ಳಬೇಕು, ಐಡ್ಲಿಂಗ್ ಸ್ವಲ್ಪ ಇಳಿಯಬೇಕು. ಎಳೆತ ಇದ್ದೂ ಆಯಿಲ್ ಬಾಯಿಂದ ಗ್ಯಾಸ್ ಬುಸುಗುಡ್ತಿದ್ದರೆ ವಾಲ್ವ್ ತನ್ನ ಕೆಲಸ ಮಾಡ್ತಿದೆ, ರಿಂಗ್ ಕಡೆಯೇ ನೋಡಬೇಕು. ಎಳೆತವೇ ಇಲ್ಲದಿದ್ದರೆ ವಾಲ್ವ್ ಅಥವಾ ಪೈಪು ಕಟ್ಟಿದೆ. ಎರಡರಲ್ಲಿ ಯಾವುದು ಅಂತ ತಿಳಿಯೋಕೆ ಪೈಪಿನಿಂದ ವಾಲ್ವ್ ಬಿಚ್ಚಿ ಬರೀ ಪೈಪಿಗೆ ಬೆರಳಿಡಿ. ನಮ್ಮದರಲ್ಲಿ ಪೈಪಿಗೆ ಎಳೆತ ಚೆನ್ನಾಗಿತ್ತು, ವಾಲ್ವ್‌ಗೆ ಏನೂ ಇಲ್ಲ. "ಇಷ್ಟೇನಾ?" ಅಂದ್ರು ಅಪ್ಪ. ನನಗೂ ಅಷ್ಟು ಧೈರ್ಯ ಇರಲಿಲ್ಲ, "ಹಾಕಿ ನೋಡೋಣ ಇರಪ್ಪ" ಅಂದೆ.

ಎಲ್ಲರೂ ಹೇಳೋ ಇನ್ನೊಂದು ಪರೀಕ್ಷೆ, ವಾಲ್ವನ್ನ ಕಿವಿ ಹತ್ತಿರ ಅಲ್ಲಾಡಿಸೋದು. ಕಟಕಟ ಅಂದರೆ ಒಳ್ಳೇದು, ಶಬ್ದ ಇಲ್ಲದಿದ್ದರೆ ಕೆಟ್ಟಿದೆ ಅಂತ. ಶಬ್ದ ಇಲ್ಲದಿದ್ದರೆ ಕೆಟ್ಟಿದೆ ಅನ್ನೋದು ಈ ಕಡ್ಡಿ ಮಾದರಿಯ ವಾಲ್ವ್‌ಗೆ ಸರಿ. ಆದರೆ ಶಬ್ದ ಬಂದರೆ ಚೆನ್ನಾಗಿದೆ ಅಂತ ಅರ್ಥ ಅಲ್ಲ. ಕಡ್ಡಿ ಅಲ್ಲಾಡ್ತಿದೆ ಅಂತಷ್ಟೇ, ಸ್ಪ್ರಿಂಗ್ ಸೋತಿದೆಯಾ ಅಂತ ಗೊತ್ತಾಗಲ್ಲ. ಬೇಕಾದರೆ ಒಂದು ತುಂಡು ಪೈಪು ಸಿಕ್ಕಿಸಿ ಊದಿ ನೋಡಿ: ಕ್ರ್ಯಾಂಕ್‌ಕೇಸ್ ಕಡೆಯಿಂದ ಊದಿದರೆ ಗಾಳಿ ಹೋಗಬೇಕು, ಮ್ಯಾನಿಫೋಲ್ಡ್ ಕಡೆಯಿಂದ ಊದಿದರೆ ಹೋಗಬಾರದು. ಊದಿ ಮಾತ್ರ, ಬಾಯಿಂದ ಎಳೀಬೇಡಿ. ಒಳಗಿರೋದು ಪೆಟ್ರೋಲು, ಆಸಿಡ್ಡು.

ಕ್ಲೀನ್ ಮಾಡಿದರೆ ಸಾಲದಾ? ಲೋಹದ ವಾಲ್ವ್ ಆಗಿದ್ದರೆ, ಬರೀ ಅಂಟು ಕಟ್ಟಿದ್ದರೆ, ಕಾರ್ಬ್ ಕ್ಲೀನರ್ ಹೊಡೆದು ಒಣಗಿಸಿದರೆ ಕೆಲವು ದಿನ ನಡೆಯುತ್ತೆ. ಒಳಗೆ ರಬ್ಬರ್ ಡಯಾಫ್ರಾಮ್ ಇರೋದಕ್ಕೆ ಆ ಕ್ಲೀನರ್ ತಾಗಿದರೆ ರಬ್ಬರ್ ಊದಿಕೊಂಡು ಇನ್ನೂ ಹಾಳು. ನನ್ನ ಅಭಿಪ್ರಾಯ ಕೇಳಿದರೆ, ಕ್ಲೀನ್ ಮಾಡೋದು ಪತ್ತೆಗೆ ಸರಿ, ರಿಪೇರಿಗೆ ಬೇಡ. ಹೊಸದಕ್ಕೆ ನಾನು ಕೊಟ್ಟಿದ್ದು 340 ರೂಪಾಯಿ, ಅದರ ರಬ್ಬರ್ ಬುಷ್‌ಗೆ 60. ಹಾಸನದಲ್ಲಿ ಸಿಗದೇ ಬೆಂಗಳೂರಿನ ಜೆ.ಸಿ. ರೋಡಿನಿಂದ ಗೆಳೆಯನ ಕೈಲಿ ತರಿಸಿದೆ. ಅಂಗಡಿಯವರು "ಯಾವ ಗಾಡಿದಾದ್ರೂ ಸೈಜ್ ಒಂದೇ, ಕೂರುತ್ತೆ" ಅಂತ ಬೇರೆ ಕಾರಿನದನ್ನ ಕೊಡೋಕೆ ನೋಡಿದರಂತೆ. ಕೂರುತ್ತೆ, ನಿಜ. ಆದರೆ ಒಳಗಿನ ಸ್ಪ್ರಿಂಗು, ಸಂದಿಯ ಅಳತೆ ಆಯಾ ಇಂಜಿನ್ನಿನ ಸಿಸಿಗೆ, ಐಡ್ಲಿಂಗಿಗೆ ತಕ್ಕ ಹಾಗೆ ಮಾಡಿರ್ತಾರೆ. ಪಾರ್ಟ್ ನಂಬರ್ ಹೇಳಿಯೇ ತಗೊಳ್ಳಿ.

ಬದಲಾಯಿಸೋ ಕೆಲಸ ಯೂಟ್ಯೂಬಿನಲ್ಲಿ ನೋಡಿದರೆ ಐದು ನಿಮಿಷ. ನನಗೆ ಒಂದೂಮುಕ್ಕಾಲು ಗಂಟೆ ಹಿಡೀತು, ಯಾಕೆ ಅಂತ ಹೇಳ್ತೀನಿ.

ಇಂಜಿನ್ ಪೂರ್ತಿ ತಣ್ಣಗಾಗಿರಲಿ, ಕೀ ತೆಗೆದಿರಿ. ವಾಲ್ವ್ ಸುತ್ತ ಇರೋ ಧೂಳನ್ನ ಮೊದಲು ಬಟ್ಟೆಯಿಂದ ಒರೆಸಿ, ಇಲ್ಲಾಂದ್ರೆ ಎಲ್ಲ ಒಳಗೇ ಬೀಳುತ್ತೆ. ಪೈಪಿನ ಕ್ಲಿಪ್ಪನ್ನ ಕಟಿಂಗ್ ಪ್ಲೇಯರಿನಲ್ಲಿ ಹಿಸುಕಿ ಹಿಂದಕ್ಕೆ ಸರಿಸಿ, ಪೈಪನ್ನ ತಿರುಚುತ್ತಾ ಎಳೀರಿ. ಆಮೇಲೆ ವಾಲ್ವನ್ನ ರಬ್ಬರ್ ಬುಷ್‌ನಿಂದ ತಿರುಚಿ ಎಳೆಯೋದು. ನಮ್ಮ ಬುಷ್ ಹದಿನೈದು ವರ್ಷ ಬೆಂದು ಬೇಕ್‌ಲೈಟ್ ಆಗಿತ್ತು. ನಾನು ಪರೀಕ್ಷೆಗೆ ಅಂತ ಬಿಸಿ ಇದ್ದಾಗ ಎಳೆದಾಗ ಹೇಗೋ ಬಂದಿತ್ತು, ವಾಪಸ್ ಸಿಕ್ಕಿಸಿದ್ದೆ. ತಣ್ಣಗಿದ್ದಾಗ ಎಳೆದರೆ ಬರಲಿಲ್ಲ. ಬಲ ಹಾಕಿದೆ, ವಾಲ್ವ್ ಬಂತು. ಬುಷ್‌ನ ಒಂದು ತುಂಡು ಮುರಿದು ಟ್ಯಾಪೆಟ್ ಕವರಿನ ತೂತಿನೊಳಗೆ ಜಾರಿತು.

ಆ ಕ್ಷಣ ನನ್ನ ಎದೆ ಝಲ್ ಅಂತು. ಉಳಿಸೋಕೆ ಹೋಗಿ ನಾನೇ ಇಂಜಿನ್ ಕೊಂದೆ ಅಂತಲೇ ಅಂದುಕೊಂಡೆ. ಆ ತುಂಡು ಎಣ್ಣೆ ಜೊತೆ ಕೆಳಗೆ ಹೋದರೆ ಆಯಿಲ್ ಪಂಪಿನ ಜಾಲರಿಗೆ ಸಿಗಬಹುದು, ಕ್ಯಾಮ್ ಕೆಳಗೆ ಸಿಗಬಹುದು. ಅಪ್ಪ ಏನೂ ಬೈಯಲಿಲ್ಲ, ಅದು ಇನ್ನೂ ಕಷ್ಟ. ಮೊಬೈಲ್ ಟಾರ್ಚ್ ಹಾಕಿ ನೋಡಿದರೆ, ಪುಣ್ಯಕ್ಕೆ ಒಳಗೆ ತೂತಿನ ಕೆಳಗೇ ಎಣ್ಣೆ ಸಿಡಿಯದ ಹಾಗೆ ಒಂದು ತಗಡು ಇದೆ, ತುಂಡು ಅದರ ಮೇಲೆ ಕೂತಿತ್ತು. ಅಕ್ಕನ ಹುಬ್ಬು ಕೀಳೋ ಪ್ಲಕರ್ ತಂದು, ಮುಕ್ಕಾಲು ಗಂಟೆ ಒದ್ದಾಡಿ ತೆಗೆದೆವು. ತೆಗೆದ ಮೇಲೆ ಮುರಿದ ಬುಷ್‌ಗೆ ತುಂಡನ್ನ ಜೋಡಿಸಿ ನೋಡಿ, ಪೂರ್ತಿ ಸಿಕ್ಕಿದೆ ಅಂತ ಖಾತ್ರಿ ಮಾಡಿಕೊಂಡೆ. ನೀವು ಮಾಡುವಾಗ ಬುಷ್ ಗಟ್ಟಿಯಾಗಿದ್ದರೆ ಬಲ ಹಾಕಬೇಡಿ. ಇಂಜಿನ್ ಸ್ವಲ್ಪ ಬೆಚ್ಚಗಿರುವಾಗ, ಕೈ ಇಡೋಷ್ಟು, ಬುಷ್ ಸುತ್ತ ಒಂದು ಹನಿ ಎಣ್ಣೆ ಬಿಟ್ಟು ಸುತ್ತಲೂ ನಿಧಾನಕ್ಕೆ ಎತ್ತಿ. ವಾಲ್ವ್ ಹೊರಗೆ ಬಂದ ತಕ್ಷಣ ತೂತಿಗೆ ಶುದ್ಧ ಬಟ್ಟೆ ತುರುಕಿ, ಆ ಬಟ್ಟೆಯ ತುದಿ ಹೊರಗಿರಲಿ.

ಹೊಸ ಬುಷ್ ಮೊದಲು ಕೂರಿಸಿ, ಒಳ ಅಂಚಿಗೆ ಒಂಚೂರು ಇಂಜಿನ್ ಆಯಿಲ್ ಸವರಿ ವಾಲ್ವ್ ಒತ್ತಿ. ವಾಲ್ವ್ ಮೇಲೆ ಬಾಣದ ಗುರುತಿದ್ದರೆ ಅದು ಮ್ಯಾನಿಫೋಲ್ಡ್ ಕಡೆಗಿರಬೇಕು. ಉಲ್ಟಾ ಹಾಕಿದರೆ ಹೊಸ ವಾಲ್ವೂ ಮುಚ್ಚಿದ ವಾಲ್ವೇ. ಕೆಲವು ಇಂಜಿನ್‌ಗಳಲ್ಲಿ ಇದು ಮರೆ ಇರೋ ಸ್ಕ್ರೂ ಮಾದರಿ. ಅದನ್ನ ಮೊದಲು ಕೈಯಲ್ಲೇ ತಿರುಗಿಸಿ, ಆಮೇಲೆ ಸ್ಪಾನರಿನಲ್ಲಿ ಹದವಾಗಿ ಬಿಗಿ ಮಾಡಿ. ಕವರ್ ಅಲ್ಯೂಮಿನಿಯಂ ಅಥವಾ ಪ್ಲಾಸ್ಟಿಕ್, ಮರೆ ಕಿತ್ತು ಬಂದರೆ ಕವರೇ ಬದಲಾಯಿಸಬೇಕು. ಪೈಪನ್ನ ಮಡಚಿ ನೋಡಿ, ಬಿರುಕು ಕಂಡರೆ ಬದಲಿಸಿ. ಅಕ್ವೇರಿಯಂ ಪೈಪು, ನೀರಿನ ಪೈಪು ಹಾಕಬೇಡಿ. ಎಣ್ಣೆ ಆವಿಗೆ ಮೆತ್ತಗಾಗಿ, ವ್ಯಾಕ್ಯೂಮ್‌ಗೆ ಒಳಗೆ ಮುದುಡಿಕೊಂಡು ಮತ್ತೆ ದಾರಿ ಕಟ್ಟುತ್ತೆ. ನಾವು ಅದೇ ವಾರ ಇಂಜಿನ್ ಆಯಿಲು, ಆಯಿಲ್ ಫಿಲ್ಟರು, ಏರ್ ಫಿಲ್ಟರು ಮೂರನ್ನೂ ಬದಲಾಯಿಸಿದೆವು. ಅಷ್ಟು ದಿನ ಪೆಟ್ರೋಲು, ನೀರು ಕುಡಿದ ಎಣ್ಣೆ ಅದು.

ಸ್ಟಾರ್ಟ್ ಮಾಡಿ ಬ್ಲೂ ಬುಕ್ ಹಾಳೆ ಮತ್ತೆ ಇಟ್ಟೆ. ಪಟಪಟ ಅಂತಾ ನಿಧಾನಕ್ಕೆ ಬಾಯಿಗೆ ಅಂಟಿಕೊಂಡಿತು. ಹೊಗೆ ಅವತ್ತೇ ನಿಲ್ಲಲಿಲ್ಲ. ಇಂಟೇಕಿನಲ್ಲಿ ಉಳಿದ ಎಣ್ಣೆ ಸುಟ್ಟುಹೋಗೋಕೆ ಒಂದು ವಾರ ಹಿಡೀತು.

ರಿಂಗ್ ಪೂರ್ತಿ ಚೆನ್ನಾಗಿದೆ ಅಂತ ಸುಳ್ಳು ಹೇಳಲ್ಲ. ಆಮೇಲೆ ಬೇರೆ ಕಡೆ ಕಂಪ್ರೆಷನ್ ಟೆಸ್ಟ್ ಮಾಡಿಸಿದೆವು: 165, 160, 145 ಪಿಎಸ್‌ಐ. ಮೂರನೇ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ನೋಡಿದಾಗ ಅಂಕಿ ಏರಿತು, ಅಂದರೆ ಅಲ್ಲಿ ರಿಂಗ್ ಸವೆದಿದೆ. ದಸರಾದಿಂದ ಸಂಕ್ರಾಂತಿವರೆಗೆ ಅರ್ಧ ಲೀಟರ್ ಆಯಿಲ್ ಹಿಡೀತು. ಮೊದಲು ಅದು ಒಂದು ತಿಂಗಳ ಲೆಕ್ಕ. ಟ್ಯಾಪೆಟ್ ಕವರ್ ಗ್ಯಾಸ್ಕೆಟ್ ಇನ್ನೂ ಸ್ವಲ್ಪ ಜಿನುಗುತ್ತೆ, ಒತ್ತಡಕ್ಕೆ ಒಮ್ಮೆ ಬಿಟ್ಟುಕೊಟ್ಟಿದ್ದು ಮತ್ತೆ ತಾನಾಗಿ ಸರಿ ಹೋಗಲ್ಲ. ಅಪ್ಪ ಈಗ ಭಾನುವಾರ ಭಾನುವಾರ ಬೇಲೂರು ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿಕೊಂಡು ಬರ್ತಾರೆ, ಎಣ್ಣೆಯಲ್ಲಿರೋ ನೀರು ಆವಿಯಾಗಲಿ ಅಂತ. ಅಮ್ಮ ಅದನ್ನ ನೆಪ ಅಂತಾರೆ.

ನಿಮ್ಮ ಮನೆ ಗಾಡಿಗೆ ಇದೆಲ್ಲ ಹಾಗೇ ಅನ್ವಯಿಸುತ್ತಾ ಅಂತ ನೋಡಿಕೊಳ್ಳಿ. ಡೀಸೆಲ್ ಇಂಜಿನ್‌ಗಳಲ್ಲಿ ಪೆಟ್ರೋಲಿನ ಹಾಗೆ ಮ್ಯಾನಿಫೋಲ್ಡ್ ವ್ಯಾಕ್ಯೂಮ್ ಇರಲ್ಲ, ಅಲ್ಲಿ ಡಯಾಫ್ರಾಮ್ ಮತ್ತು ಎಣ್ಣೆ ಬೇರ್ಪಡಿಸೋ ವ್ಯವಸ್ಥೆ ಇರುತ್ತೆ, ಬೆರಳಿನ ಪರೀಕ್ಷೆ ನಡೆಯಲ್ಲ. ಟರ್ಬೊ ಪೆಟ್ರೋಲಿನಲ್ಲಿ ಬೂಸ್ಟ್ ಬಂದಾಗ ಮ್ಯಾನಿಫೋಲ್ಡಿನಿಂದ ಗಾಳಿ ಉಲ್ಟಾ ಬರಬಾರದು ಅಂತ ಚೆಕ್ ವಾಲ್ವ್ ಸೇರಿರುತ್ತೆ, ಪೈಪುಗಳ ದಾರಿಯೂ ಬೇರೆ. ಈಗಿನ ಎಷ್ಟೋ ಕಾರುಗಳಲ್ಲಿ ವಾಲ್ವ್ ಟ್ಯಾಪೆಟ್ ಕವರಿನ ಒಳಗೇ ಸೇರಿ ಬಂದಿರುತ್ತೆ, ಕೆಟ್ಟರೆ ಕವರೇ ಬದಲಾಯಿಸಬೇಕು ಅಂತಾರೆ. ಇದು ನನಗೆ ಸಿಟ್ಟು ಬರಿಸೋ ವಿಷಯ.

ನಮ್ಮ ಪಾರ್ಕಿಂಗಿನಲ್ಲಿ ಕೆಲವು ಸೀನಿಯರ್ಸ್ ಕಾರುಗಳಲ್ಲಿ ಬ್ರೀದರ್ ಪೈಪು ಕಿತ್ತು, ಟ್ಯಾಪೆಟ್ ಕವರಿನ ಮೇಲೆ ಕೆಂಪು ಬಣ್ಣದ ಪುಟಾಣಿ ಫಿಲ್ಟರ್ ಹಾಕಿರೋದನ್ನ ನೋಡಿದ್ದೀನಿ. ಇಂಜಿನ್ ಫ್ರೀಯಾಗಿ ಉಸಿರಾಡುತ್ತೆ ಬ್ರೋ ಅಂತಾರೆ. ಅದು 1960ಕ್ಕೆ ಮುಂಚಿನ ರಸ್ತೆ ಪೈಪೇ, ಬಣ್ಣ ಬೇರೆ ಅಷ್ಟೇ. ಎಮಿಷನ್ ಟೆಸ್ಟಿನವರು ಸೈಲೆನ್ಸರಿಗೆ ಮಾತ್ರ ಕೊಳವೆ ಇಡ್ತಾರೆ, ಇದು ಅಲ್ಲಿ ಸಿಕ್ಕಿಬೀಳಲ್ಲ. ಎಳೆಯೋ ವ್ಯಾಕ್ಯೂಮನ್ನೇ ಕಿತ್ತುಹಾಕಿದ ಮೇಲೆ ಒಳಗಿನ ನೀರು, ಪೆಟ್ರೋಲ್ ಆವಿ ತಾನಾಗೇ ಎದ್ದು ಹೊರಗೆ ನಡೆದು ಬರಲ್ಲ ಅನ್ನೋದನ್ನಾದರೂ ಯೋಚಿಸಬೇಕು.

ಎಷ್ಟು ದಿನಕ್ಕೊಮ್ಮೆ ನೋಡಬೇಕು ಅನ್ನೋದು ಗಾಡಿಯ ಮ್ಯಾನ್ಯುಯಲ್ಲಿನ ಸರ್ವೀಸ್ ಪಟ್ಟಿಯಲ್ಲಿ ಇದ್ದರೆ ಅದನ್ನೇ ಪಾಲಿಸಿ. ಇಲ್ಲದಿದ್ದರೆ ನಾನು ಮಾಡಿಕೊಂಡಿರೋ ಲೆಕ್ಕ: ಏರ್ ಫಿಲ್ಟರ್ ಬದಲಾಯಿಸುವಾಗಲೆಲ್ಲ ಅದರಲ್ಲಿ ಎಣ್ಣೆ ಇದೆಯಾ ಅಂತ ನೋಡೋದು, ವರ್ಷಕ್ಕೊಂದು ಸಲ ಬೆರಳಿನ ಪರೀಕ್ಷೆ. ಹಳೇ ವಾಲ್ವನ್ನ ಉದ್ದಕ್ಕೆ ಸೀಳಿ ಹಾಸ್ಟೆಲಿಗೆ ತಂದಿದ್ದೀನಿ. ಕಡ್ಡಿ, ಸ್ಪ್ರಿಂಗು, ಆ ಕಪ್ಪು ಅಂಟು ಎಲ್ಲ ಕಾಣುತ್ತೆ. ನೋಡಬೇಕು ಅನ್ನಿಸಿದರೆ ಶನಿವಾರ ಕನ್ನಡ ಸಂಘದ ಮೀಟಿಂಗಿಗೆ ಬನ್ನಿ, ಬ್ಯಾಗಿನಲ್ಲಿ ಹಾಕ್ಕೊಂಡು ಬರ್ತೀನಿ.